ಮಾಡಿದ ಕೆಲಸಕ್ಕೂ ಒಂದು ಉತಾರ ಬೇಕು

ಮೇಲವಂಕಿ ಮತ್ತು ಸುತ್ತಲಿನ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಿಂದ ಕಂಪ್ಯೂಟರ್ ಕೆಲಸಕ್ಕೆ ಇಳಿದಿರುವ ತಮ್ಮಂದಿರಿಗೆ, ತಂಗಿಯರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ತಮ್ಮಂದಿರೇ, ತಂಗಿಯರೇ,



ನಿಮ್ಮಲ್ಲಿ ಹಲವರು ಫೋನು ಹಚ್ಚಿ, ಕಂಪ್ಯೂಟರ್ ಭದ್ರತೆಯ ಸರ್ಟಿಫಿಕೇಟಾದ ಸಿಐಎಸ್‌ಎಸ್‌ಪಿ ಬಗ್ಗೆ ಕೇಳುವ ಮೊದಲ ಮಾತು, "ಅಣ್ಣಾ, ಸಿಐಎಸ್‌ಎಸ್‌ಪಿಗೆ ಯಾವ ಪುಸ್ತಕ ಓದ್ಲಿ? ಎಷ್ಟ ತಿಂಗಳ ಹಿಡೀತದ?" ಪುಸ್ತಕಗಳು ಸಿಗುತ್ತವೆ, ಪಾಠ ಹೇಳುವವರು ಯೂಟ್ಯೂಬಿನಲ್ಲಿ ಬೇಕಾದಷ್ಟಿದ್ದಾರೆ. ಓದುವ ಹಟವೂ ನಿಮಗಿದೆ, ಅದರ ಚಿಂತೆ ನನಗಿಲ್ಲ. ನೀವು ಕೇಳದೇ ಬಿಡುವ ಇನ್ನೊಂದು ಪ್ರಶ್ನೆಯದೇ ಚಿಂತೆ. ಪರೀಕ್ಷೆ ಪಾಸಾದ ಮೇಲೆ, ಭದ್ರತೆಯ ಕೆಲಸವನ್ನು ಐದು ವರ್ಷ ಮಾಡಿದ್ದೇನೆ ಎಂದು ತೋರಿಸುವುದು ಹೇಗೆ?

ಪರೀಕ್ಷೆ ಮೂರು ತಾಸಿನದು. ಫೇಲಾದರೆ ಮತ್ತೊಮ್ಮೆ ಕೂಡಬಹುದು. ಆದರೆ ನೀವು ಮೊದಲು ಕೆಲಸ ಮಾಡಿದ ಆಫೀಸು ಬಾಗಿಲು ಹಾಕಿದ್ದರೆ, ಅಲ್ಲಿನ ಸಾಹೇಬರು ನಂಬರ್ ಬದಲಿಸಿದ್ದರೆ, ಪಗಾರವನ್ನು ಕೈಯಲ್ಲಿ ರೊಕ್ಕವಾಗಿ ತೆಗೆದುಕೊಂಡಿದ್ದರೆ, ಆ ವರ್ಷಗಳನ್ನು ಮತ್ತೆ ದುಡಿದು ತರಲಾಗುವುದಿಲ್ಲ. ಅದಕ್ಕೇ ಈ ಪತ್ರ. ಕೆಲಸ ನಡೆದಿರುವಾಗಲೇ ಅದರ ಕಾಗದ ಕೂಡಿಸಿ ಇಡಿ, ನಿಜವಾಗಿ ಮಾಡಿದ್ದನ್ನಷ್ಟೇ ಬರೆಸಿ.

ಮೊದಲು ನಿಯಮ ಏನು ಅನ್ನುತ್ತದೆ ನೋಡೋಣ. ಸಿಐಎಸ್‌ಎಸ್‌ಪಿ ಕೊಡುವುದು ಐಎಸ್‌ಸಿ2 ಎಂಬ ಸಂಸ್ಥೆ. ಅದು ಹುಟ್ಟಿದ್ದು 1989ರಲ್ಲಿ, ಈ ಸರ್ಟಿಫಿಕೇಟ್ ಶುರುವಾಗಿದ್ದು 1994ರಲ್ಲಿ. ಪರೀಕ್ಷೆಯಲ್ಲಿ ನೂರರಿಂದ ನೂರೈವತ್ತು ಪ್ರಶ್ನೆ ಬರುತ್ತವೆ. ಸಾವಿರಕ್ಕೆ 700 ಅಂಕ ಬಂದರೆ ಪಾಸು. ಫೀ 749 ಡಾಲರ್, ಅಂದರೆ ಅರವತ್ತು ಸಾವಿರ ರೂಪಾಯಿಗೂ ಮೇಲೆ. ಇಷ್ಟು ಕಟ್ಟಿ, ಪಾಸಾದರೂ ಹೆಸರಿನ ಮುಂದೆ ಸಿಐಎಸ್‌ಎಸ್‌ಪಿ ಎಂದು ಬರೆದುಕೊಳ್ಳುವ ಹಕ್ಕು ಆಗಲೇ ಬರುವುದಿಲ್ಲ. ಅವರು ಗುರುತಿಸಿದ ಎಂಟು ಕ್ಷೇತ್ರಗಳಲ್ಲಿ ಕನಿಷ್ಠ ಎರಡರಲ್ಲಿ, ಒಟ್ಟು ಐದು ವರ್ಷದ ಪೂರ್ಣಾವಧಿ ಕೆಲಸದ ಅನುಭವ ಬೇಕು. ಕಂಪ್ಯೂಟರ್ ಸಂಬಂಧದ ಪದವಿ ಇದ್ದರೆ, ಇಲ್ಲವೇ ಅವರ ಪಟ್ಟಿಯಲ್ಲಿರುವ ಬೇರೊಂದು ಸರ್ಟಿಫಿಕೇಟ್ ಇದ್ದರೆ ಒಂದು ವರ್ಷದ ರಿಯಾಯಿತಿ ಇದೆ. ಎರಡೂ ಇದ್ದರೂ ರಿಯಾಯಿತಿ ಒಂದೇ ವರ್ಷದ್ದು.

ಪಾಸಾದ ದಿನದಿಂದ ಒಂಬತ್ತು ತಿಂಗಳೊಳಗೆ ಅರ್ಜಿ ಹಾಕಬೇಕು. ಯಾವ ಸಂಸ್ಥೆ, ಯಾವ ಹುದ್ದೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಮೇಲಧಿಕಾರಿ ಯಾರು, ಮಾಡಿದ ಕೆಲಸ ಯಾವ ಕ್ಷೇತ್ರಕ್ಕೆ ಸೇರುತ್ತದೆ ಎಂಬುದನ್ನೆಲ್ಲ ಬರೆಯಬೇಕು. ಆಗಲೇ ಐಎಸ್‌ಸಿ2ದ ಸರ್ಟಿಫಿಕೇಟ್ ಇರುವ ಒಬ್ಬರು "ಇವರ ಅನುಭವ ನಿಜ" ಎಂದು ಅನುಮೋದನೆ ಕೊಡಬೇಕು. ಅಂಥವರು ಯಾರೂ ಪರಿಚಯವಿಲ್ಲದಿದ್ದರೆ ಐಎಸ್‌ಸಿ2 ಸಂಸ್ಥೆಯೇ ಕಾಗದಪತ್ರ ನೋಡಿ ಅನುಮೋದಿಸುತ್ತದೆ. ಇದರ ಮೇಲೆ ಕೆಲವು ಅರ್ಜಿಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ತಪಾಸಣೆಗೂ ಹಾಕುತ್ತಾರೆ. ಅನುಭವ ಇನ್ನೂ ಕೂಡಿಲ್ಲದವರು ಗಾಬರಿಯಾಗಬೇಕಿಲ್ಲ. ಪಾಸಾಗಿ ಅಸೋಸಿಯೇಟ್ ಆಗಿ ಉಳಿದು, ಆರು ವರ್ಷದೊಳಗೆ ಅನುಭವ ತುಂಬಿಸಬಹುದು.

ಇದು ಸಿಐಎಸ್‌ಎಸ್‌ಪಿಯೊಂದರ ಕಥೆ ಎಂದುಕೊಳ್ಳಬೇಡಿ. ಐಸಾಕಾ ಸಂಸ್ಥೆಯ ಸಿಸಾ ಕೂಡ ಐದು ವರ್ಷದ ಅನುಭವ ಕೇಳುತ್ತದೆ, ಅದನ್ನು ನಿಮ್ಮ ಕೆಲಸ ಬಲ್ಲವರು ದೃಢೀಕರಿಸಬೇಕು. ನಮ್ಮ ಹುಡುಗರ ಬಾಯಲ್ಲಿ ಸದಾ ಇರುವ ಸಿಇಎಚ್ ಪರೀಕ್ಷೆಗೂ, ಅದನ್ನು ನಡೆಸುವವರ ಅಧಿಕೃತ ತರಬೇತಿ ತೆಗೆದುಕೊಳ್ಳದೆ ನೇರವಾಗಿ ಕೂಡುವುದಾದರೆ, ಎರಡು ವರ್ಷದ ಅನುಭವ ತೋರಿಸಬೇಕು. ಅನುಭವ ಕೇಳದ ಮೆಟ್ಟಿಲುಗಳೂ ಇವೆ. ಐಎಸ್‌ಸಿ2ದೇ ಆದ ಸಿಸಿ, ಕಾಂಪ್‌ಟಿಯಾದ ಸೆಕ್ಯುರಿಟಿ ಪ್ಲಸ್ ಅಂಥವು. ಈಗಷ್ಟೇ ಕಾಲೇಜು ಮುಗಿಸಿದವರು ಅಲ್ಲಿಂದ ಶುರುಮಾಡಿ. ಆದರೆ ಕಡತವನ್ನು ಮೊದಲ ದಿನದಿಂದಲೇ ಇಡಿ.

"ಕೆಲಸ ಮಾಡೇನಿ, ಅದು ಎಲ್ಲಾರಿಗೂ ಗೊತ್ತದ, ಮತ್ತ ಕಾಗದ ಯಾಕ?" ಎನ್ನುವವರಿಗೆ ನಮ್ಮ ಮನೆತನಗಳದೇ ಒಂದು ನೆನಪು. 1974ರ ಮಾರ್ಚ್ 1ರಿಂದ ಉಳುವವನೇ ಹೊಲದೊಡೆಯ ಎಂಬ ಕಾನೂನು ಕರ್ನಾಟಕದಲ್ಲಿ ಜಾರಿಗೆ ಬಂತು. ಗೇಣಿದಾರರು ಏಳನೇ ನಂಬರಿನ ಫಾರಂ ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಲ್ಲಬೇಕಿತ್ತು. ಹೊಲ ಯಾರು ಉಳುತ್ತಿದ್ದಾರೆ ಎಂಬುದು ಊರಿಗೆಲ್ಲ ಗೊತ್ತು. ಆದರೂ ಉತಾರದ, ಅಂದರೆ ಪಹಣಿಯ ಕಾಲಂನಲ್ಲಿ ಹೆಸರಿದ್ದವನ ಕೆಲಸ ಸಲೀಸಾಯಿತು, ಇಲ್ಲದವನು ಸಾಕ್ಷಿ ಹುಡುಕುತ್ತ ಅಲೆದ. ನಿಮ್ಮ ಐದು ವರ್ಷದ ದುಡಿಮೆಗೂ ಅಂಥದೇ ಒಂದು ಉತಾರ ಬೇಕು, ಅದನ್ನು ಬರೆಯಲು ಇಲ್ಲಿ ತಲಾಟಿ ಇಲ್ಲ. ನೀವೇ ಬರೆದುಕೊಳ್ಳಬೇಕು.

ಇನ್ನು ನಿಮ್ಮ ಸಂಕೋಚಕ್ಕೆ ಬರುತ್ತೇನೆ. "ಅಣ್ಣಾ, ನಾ ಫ್ಯಾಕ್ಟರಿಯೊಳಗ ಕಾಟಾದ ಕಂಪ್ಯೂಟರ್ ನೋಡ್ಕೊಂತೀನಿ. ಇದ್ಯಾವ ಸೆಕ್ಯುರಿಟಿ?" ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ, ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡು ಮಾಡಿದ್ದೇ ಭದ್ರತೆಯ ಕೆಲಸ ಎಂಬ ಭಾವನೆ ನಿಮ್ಮಲ್ಲಿ ಬೇರುಬಿಟ್ಟಿದೆ. ಅದನ್ನು ಕಿತ್ತುಹಾಕಿ. ಎಂಟು ಕ್ಷೇತ್ರಗಳು ಯಾವುವು ನೋಡಿ: ಅಪಾಯ ನಿರ್ವಹಣೆ, ಮಾಹಿತಿ ಆಸ್ತಿಗಳ ಭದ್ರತೆ, ಭದ್ರತಾ ವಿನ್ಯಾಸ, ನೆಟ್‌ವರ್ಕ್ ಭದ್ರತೆ, ಗುರುತು ಮತ್ತು ಪ್ರವೇಶ ನಿಯಂತ್ರಣ, ಭದ್ರತಾ ಪರೀಕ್ಷೆ, ದಿನನಿತ್ಯದ ಭದ್ರತಾ ಕಾರ್ಯಾಚರಣೆ, ಸಾಫ್ಟ್‌ವೇರ್ ಭದ್ರತೆ. ಇವುಗಳಲ್ಲಿ ಊರಿನ ಹೆಸರೂ ಇಲ್ಲ, ಹುದ್ದೆಯ ಹೆಸರೂ ಇಲ್ಲ. ನೋಡುವುದು ಮಾಡಿದ ಕೆಲಸವನ್ನು.

ಸಕ್ಕರೆ ಕಾರ್ಖಾನೆಯ ಕಾಟಾ ತೆಗೆದುಕೊಳ್ಳಿ. ಕಬ್ಬಿನ ಟ್ರ್ಯಾಕ್ಟರ್ ಮೊದಲು ತುಂಬಿದ ಲೋಡಿನೊಂದಿಗೆ ಕಾಟಾ ಹತ್ತುತ್ತದೆ, ಇಳಿಸಿದ ಮೇಲೆ ಖಾಲಿ ಹತ್ತುತ್ತದೆ. ಆ ಎರಡು ತೂಕಗಳ ವ್ಯತ್ಯಾಸದ ಮೇಲೇ ರೈತನ ಬಿಲ್ಲು. ಆ ಅಂಕಿಯನ್ನು ಯಾರ ಲಾಗಿನ್‌ನಿಂದ ತಿದ್ದಬಹುದು, ತಿದ್ದಿದರೆ ಅದರ ಗುರುತು ಉಳಿಯುತ್ತದೆಯೇ, ಕಾಟಾದ ಗಡಿಯಾರಕ್ಕೂ ಬಿಲ್ಲಿಂಗ್ ಸರ್ವರ್‌ನ ಗಡಿಯಾರಕ್ಕೂ ತಾಳೆಯಾಗುತ್ತದೆಯೇ, ಕಾಟಾದ ಕಂಪ್ಯೂಟರಿಗೆ ಯಾರಾದರೂ ಪೆನ್‌ಡ್ರೈವ್ ಚುಚ್ಚಬಹುದೇ, ಆಫೀಸಿನ ಇಂಟರ್ನೆಟ್‌ಗೂ ಈ ಯಂತ್ರಕ್ಕೂ ನಡುವೆ ಫೈರ್‌ವಾಲ್ ಇದೆಯೇ? ಈ ಪ್ರಶ್ನೆಗಳನ್ನು ದಿನವೂ ನೋಡಿಕೊಳ್ಳುವವನು ಪ್ರವೇಶ ನಿಯಂತ್ರಣ, ನೆಟ್‌ವರ್ಕ್ ಭದ್ರತೆ, ಭದ್ರತಾ ಕಾರ್ಯಾಚರಣೆ ಈ ಮೂರರಲ್ಲೂ ದುಡಿಯುತ್ತಿದ್ದಾನೆ. ಕಾಟಾದಲ್ಲಿ ಮೋಸ ಎಂಬ ಮಾತು ನಮ್ಮ ಸೀಮೆಯಲ್ಲಿ ಎಷ್ಟು ಜಗಳಕ್ಕೆ ಕಾರಣವಾಗಿದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ದಾಖಲೆಯ ಅಂಕಿ ಬದಲಾಗದಂತೆ ಕಾಯುವುದರ ಬೆಲೆ ಬೆಂಗಳೂರಿನವರಿಗಿಂತ ನಮಗೇ ಚೆನ್ನಾಗಿ ಗೊತ್ತು.

ಸೊಸೈಟಿಗಳದೂ ಹಾಗೇ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು (ಪಿಕೆಪಿಎಸ್) ಗಣಕೀಕರಿಸಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಮ್ಮ ಪಿಕೆಪಿಎಸ್‌ಗಳ ಲೆಡ್ಜರ್‌ಗಳು ಕಂಪ್ಯೂಟರಿಗೆ ಬರುವಾಗ ಅವನ್ನು ಕಾಯುವವರೂ ಬೇಕಾಗುತ್ತಾರೆ. ಅರ್ಬನ್ ಸಹಕಾರಿ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ 2019ರ ಡಿಸೆಂಬರ್ 31ರಂದು ನಾಲ್ಕು ಹಂತಗಳ ಸೈಬರ್ ಭದ್ರತಾ ಚೌಕಟ್ಟನ್ನೇ ಹಾಕಿಕೊಟ್ಟಿದೆ. ಕ್ಯಾಶಿಯರ್‌ಗೂ ಮ್ಯಾನೇಜರ್‌ಗೂ ಒಂದೇ ಪಾಸ್‌ವರ್ಡ್ ಇದ್ದದ್ದನ್ನು ಬಿಡಿಸಿ ಬೇರೆ ಬೇರೆ ಲಾಗಿನ್ ಮಾಡಿಕೊಟ್ಟಿರಾ? ಕೆಲಸ ಬಿಟ್ಟುಹೋದವರ ಲಾಗಿನ್ ಅದೇ ದಿನ ಮುಚ್ಚುವ ಪದ್ಧತಿ ತಂದಿರಾ? ಅದು ಪ್ರವೇಶ ನಿಯಂತ್ರಣ. 2019ರ ಆಗಸ್ಟ್‌ನಲ್ಲಿ ಘಟಪ್ರಭೆಗೆ ಮಹಾಪೂರ ಬಂದಾಗ ಸರ್ವರ್ ಹೊತ್ತು ಮಾಳಿಗೆ ಹತ್ತಿದ್ದು ಬರೀ ಮೈಕೈ ನೋವಿನ ಕೆಲಸ, ಅದನ್ನು ಬರೆಯಬೇಡಿ. ಅದಾದ ಮೇಲೆ ಬ್ಯಾಕಪ್ಪನ್ನು ಬೇರೆ ಊರಿನ ಶಾಖೆಯಲ್ಲಿ ಇಡುವ ವ್ಯವಸ್ಥೆ ಮಾಡಿ, ಮೂರು ತಿಂಗಳಿಗೊಮ್ಮೆ ಅದನ್ನು ತೆರೆದು ಖಾತೆಗಳ ಬಾಕಿ ತಾಳೆ ನೋಡುತ್ತಿದ್ದರೆ, ಅದನ್ನು ಖಂಡಿತ ಬರೆಯಿರಿ.

ಯಾವುದು ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಟ್ಯಾಲಿ ಎಂಟ್ರಿ, ಆಧಾರ್ ತಿದ್ದುಪಡಿ, ಝೆರಾಕ್ಸ್, ಪ್ರಿಂಟರ್ ರಿಪೇರಿ, ಲ್ಯಾಪ್‌ಟಾಪ್ ಮಾರಾಟ, ಇವು ಮರ್ಯಾದೆಯ ಕೆಲಸಗಳೇ ಹೌದು, ಆದರೆ ಭದ್ರತೆಯ ಅನುಭವ ಆಗುವುದಿಲ್ಲ. ವಾರವಿಡೀ ಎಂಟ್ರಿ ಮಾಡಿ, ಶನಿವಾರ ಒಂದು ತಾಸು ಆಂಟಿವೈರಸ್ ಅಪ್‌ಡೇಟ್ ಮಾಡಿದ್ದನ್ನು ಹಿಗ್ಗಿಸಿ ಪೂರ್ಣಾವಧಿ ಎಂದು ತೋರಿಸಿದರೆ, ಅನುಮೋದನೆ ಕೊಡುವವರ ಎರಡನೇ ಪ್ರಶ್ನೆಗೇ ನೀವು ಸಿಕ್ಕಿಬೀಳುತ್ತೀರಿ.

ಲೆಕ್ಕ ಹೇಗೆ ಹಾಕುತ್ತಾರೆ ಎಂಬುದು ತಿಳಿದಿದ್ದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ವಾರಕ್ಕೆ ಕನಿಷ್ಠ 35 ತಾಸಿನಂತೆ ನಾಲ್ಕು ವಾರ ದುಡಿದರೆ ಒಂದು ತಿಂಗಳ ಪೂರ್ಣಾವಧಿ ಅನುಭವ. ವಾರಕ್ಕೆ 20ರಿಂದ 34 ತಾಸಿನ ಅರೆಕಾಲಿಕ ಕೆಲಸವೂ ನಡೆಯುತ್ತದೆ. 1,040 ತಾಸಿಗೆ ಆರು ತಿಂಗಳು, 2,080 ತಾಸಿಗೆ ಒಂದು ವರ್ಷ. ಇಂಟರ್ನ್‌ಶಿಪ್ ಕೂಡ, ಪಗಾರ ಇರಲಿ ಬಿಡಲಿ, ಸಂಸ್ಥೆಯ ಲೆಟರ್‌ಹೆಡ್ ಮೇಲೆ ಪತ್ರ ಇದ್ದರೆ ಸೇರುತ್ತದೆ. ವರ್ಷಗಳು ಒಂದರ ಹಿಂದೊಂದು ಬರಬೇಕೆಂದೂ ಇಲ್ಲ, ಒಟ್ಟು ಕೂಡಿದರೆ ಸಾಕು.

ಒಂದು ಉದಾಹರಣೆ ಕಟ್ಟೋಣ. ಬಿಸಿಎ ಮುಗಿಸಿದ ಹುಡುಗನೊಬ್ಬ ಕಾರ್ಖಾನೆಯ ನೆಟ್‌ವರ್ಕ್ ಮತ್ತು ಸರ್ವರ್ ಕಾಯುವ ಪೂರ್ಣಾವಧಿ ಕೆಲಸದಲ್ಲಿ ಆರು ತಿಂಗಳಿನ ಮೂರು ಸೀಜನ್ ದುಡಿದ. ಅದು 18 ತಿಂಗಳು. ಆಮೇಲೆ ಒಂದು ವರ್ಷ ಸೊಸೈಟಿಯಲ್ಲಿ, ವಾರಕ್ಕೆ 25 ತಾಸು ಇದೇ ಬಗೆಯ ಕೆಲಸ. ಒಟ್ಟು 1,300 ತಾಸು, ಅಂದರೆ ಏಳೂವರೆ ತಿಂಗಳು. ಅಲ್ಲಿಂದ ಪುಣೆಗೆ ಹೋಗಿ ಎರಡು ವರ್ಷ ಭದ್ರತಾ ನಿಗಾ ಕೇಂದ್ರದಲ್ಲಿ ಪಾಳಿ ಮಾಡಿದ, 24 ತಿಂಗಳು. ಕೂಡಿಸಿದರೆ 49 ತಿಂಗಳ ಮೇಲೆ ಅರ್ಧ. ಪದವಿಯ ರಿಯಾಯಿತಿ ಕಳೆದು ಅವನಿಗೆ ಬೇಕಾದದ್ದು 48. ಗೆದ್ದ. ಆದರೆ ಆ ಮೂರು ಸೀಜನ್‌ಗಳ ಕಾಗದ ಕಳೆದುಕೊಂಡಿದ್ದರೆ ಅವನ ಕೈಯಲ್ಲಿ ಉಳಿಯುವುದು ಮೂವತ್ತೊಂದೂವರೆ ತಿಂಗಳು ಮಾತ್ರ. ಊರಿನಲ್ಲಿ ಮಾಡಿದ ಕೆಲಸ ಲೆಕ್ಕಕ್ಕಿಲ್ಲ ಎಂದು ಬಿಟ್ಟುಕೊಡುವವರು ಕಳೆದುಕೊಳ್ಳುವುದು ಇಷ್ಟನ್ನು.

ಹಾಗಾದರೆ ಯಾವ ಕಾಗದ? ಮೊದಲನೆಯದು ನೇಮಕಾತಿ ಆದೇಶ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 6ಎ ಕಲಂ ಪ್ರಕಾರ ಕೆಲಸಕ್ಕೆ ಸೇರಿದ 30 ದಿನದೊಳಗೆ ನೇಮಕಾತಿ ಆದೇಶ ಕೊಡಬೇಕು, ಅದಕ್ಕೆ ನಮೂನೆ ಕ್ಯೂ ಎಂಬ ಫಾರಂ ಕೂಡ ಇದೆ. ಬಸ್‌ಸ್ಟ್ಯಾಂಡಿನ ಎದುರಿನ ಕಂಪ್ಯೂಟರ್ ಅಂಗಡಿಯಾದರೂ ಸರಿ, ಕೇಳಿ ಪಡೆಯಿರಿ. ನಮ್ಮಲ್ಲಿ "ನಾಳೆಯಿಂದ ಬಾ" ಎಂಬ ಮಾತೇ ನೇಮಕಾತಿ ಆದೇಶ, "ಇನ್ನ ಬ್ಯಾಡ" ಎಂಬುದೇ ಬಿಡುಗಡೆ ಪತ್ರ. ಈ ರೂಢಿ ನಿಮ್ಮ ಕಾಲಕ್ಕಾದರೂ ಮುಗಿಯಲಿ.

ಎರಡನೆಯದು ಪಗಾರ. ನಗದು ಬೇಡ, ಖಾತೆಗೆ ಹಾಕಿಸಿಕೊಳ್ಳಿ. ಐದು ಸಾವಿರವಾದರೂ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ತಿಂಗಳು ತಿಂಗಳು ಕಾಣಿಸಿದರೆ ಅದು ಸಾಕ್ಷಿ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ ಪಿಎಫ್ ಇರುತ್ತದೆ. ಯುಎಎನ್ ಖಾತೆ ತೆರೆದು ಸೇವಾ ಇತಿಹಾಸದಲ್ಲಿ ಸೇರಿದ ದಿನ, ಬಿಟ್ಟ ದಿನ ಸರಿಯಾಗಿದೆಯೇ ನೋಡಿ. ಮಾಲೀಕರು ಬಿಟ್ಟ ದಿನ ತುಂಬದಿದ್ದರೆ ಎರಡು ತಿಂಗಳಾದ ಮೇಲೆ ನೀವೇ ತುಂಬಬಹುದು. ಸೀಜನ್ ಕೆಲಸದವರು ಇನ್ನೊಂದು ಸಂಗತಿ ಗಮನಿಸಿ. ಕಾರ್ಖಾನೆಯ ಗೇಟಿನೊಳಗೆ ದುಡಿದರೂ ನೀವು ಗುತ್ತಿಗೆದಾರರ ಪಟ್ಟಿಯಲ್ಲಿರಬಹುದು. ಆಗ ಪತ್ರ ಕೊಡಬೇಕಾದವರು ಗುತ್ತಿಗೆದಾರರು, ಕೆಲಸ ನೋಡಿದವರು ಕಾರ್ಖಾನೆಯ ಅಧಿಕಾರಿ. ಇಬ್ಬರಿಂದಲೂ ಒಂದೊಂದು ಕಾಗದ ಬೇಕು, ಅದೂ ಸೀಜನ್ ಮುಗಿದು ಎಲ್ಲರೂ ಚದುರಿಹೋಗುವ ಮೊದಲು.

ಮೂರನೆಯದು ಅನುಭವ ಪತ್ರ, ಎಲ್ಲಕ್ಕಿಂತ ಹೆಚ್ಚು ಕೆಡುವುದು ಇಲ್ಲೇ. ನನ್ನ ಮುಂದೆ ಬರುವ ಪತ್ರಗಳಲ್ಲಿ ಬಹುಪಾಲು ಹೀಗಿರುತ್ತವೆ: "ಇವರು ನಮ್ಮಲ್ಲಿ ಸುಮಾರು ಎರಡು ವರ್ಷ ಕಂಪ್ಯೂಟರ್ ಆಪರೇಟರ್ ಆಗಿ ಕೆಲಸ ಮಾಡಿರುತ್ತಾರೆ. ಇವರ ನಡತೆ ಉತ್ತಮವಾಗಿದೆ. ಇವರ ಭವಿಷ್ಯ ಉಜ್ವಲವಾಗಲಿ." ಸಹಿ, ಶಿಕ್ಕಾ. ಹಾರೈಕೆ ಚೆನ್ನಾಗಿದೆ, ಆದರೆ ಇದರಿಂದ ಏನೂ ಸಾಬೀತಾಗುವುದಿಲ್ಲ. ಬೇಕಾದದ್ದು ಇಂಥ ಪತ್ರ: "ಇವರು 2022ರ ಜುಲೈ 4ರಿಂದ 2024ರ ಜೂನ್ 28ರವರೆಗೆ ನಮ್ಮಲ್ಲಿ ವಾರಕ್ಕೆ 40 ತಾಸು ಪೂರ್ಣಾವಧಿ ಕೆಲಸ ಮಾಡಿದರು. ಹುದ್ದೆಯ ಹೆಸರು ಕಂಪ್ಯೂಟರ್ ಆಪರೇಟರ್ ಆದರೂ ನಾಲ್ಕು ಶಾಖೆಗಳ ಫೈರ್‌ವಾಲ್ ನಿಯಮಗಳ ನಿರ್ವಹಣೆ, ಸಿಬ್ಬಂದಿಯ ಲಾಗಿನ್ ಕೊಡುವುದು ಮತ್ತು ರದ್ದು ಮಾಡುವುದು, ದಿನದ ಬ್ಯಾಕಪ್ ಹಾಗೂ ಅದರ ಮರುಪರೀಕ್ಷೆ ಇವರ ಜವಾಬ್ದಾರಿಯಾಗಿತ್ತು. ಇವರು ನೇರವಾಗಿ ನನಗೆ ವರದಿ ಮಾಡುತ್ತಿದ್ದರು." ಕೆಳಗೆ ಸಹಿ ಮಾಡಿದವರ ಪೂರ್ತಿ ಹೆಸರು, ಹುದ್ದೆ, ಆಫೀಸಿನ ಇಮೇಲ್, ಫೋನು. ಸಾಹೇಬರಿಗೆ ಇಷ್ಟು ಬರೆಯಲು ಪುರಸೊತ್ತು ಇರುವುದಿಲ್ಲ. ಕರಡನ್ನು ನೀವೇ ಬರೆದು ಮುಂದಿಡಿ, ಓದಿ ಒಪ್ಪಿದರೆ ಸಹಿ ಹಾಕಲಿ. ಇಂಗ್ಲಿಷ್ ಚೆನ್ನಾಗಿಲ್ಲ ಎಂದು ಹಿಂಜರಿಯಬೇಡಿ. ಸಣ್ಣ ಸಣ್ಣ ನೇರ ವಾಕ್ಯಗಳೇ ಇಲ್ಲಿ ಗೆಲ್ಲುವುದು. ಕನ್ನಡ ಸಾಲಿಯಲ್ಲಿ ಓದಿದವರಿಗೆ ಅದು ಕಷ್ಟವಲ್ಲ.

ನಾಲ್ಕನೆಯದು ನಿಮ್ಮದೇ ಒಂದು ಕೆಲಸದ ಡೈರಿ. ದೇಶದ ಕಂಪ್ಯೂಟರ್ ತುರ್ತು ಸ್ಪಂದನಾ ತಂಡ ಸರ್ಟ್‌ಇನ್, 2022ರ ಏಪ್ರಿಲ್ 28ರ ತನ್ನ ನಿರ್ದೇಶನದಲ್ಲಿ ಸಂಸ್ಥೆಗಳು 180 ದಿನದ ಲಾಗ್ ಇಟ್ಟುಕೊಳ್ಳಬೇಕು, ಅವಘಡವಾದರೆ ಆರು ತಾಸಿನೊಳಗೆ ತಿಳಿಸಬೇಕು ಎಂದಿದೆ. ಅದಕ್ಕಾಗಿ ರಾತ್ರಿಯೆಲ್ಲ ಎದ್ದು ಲಾಗ್ ಕಾಯುವ ನಮ್ಮ ಹುಡುಗರು ಸ್ವಂತ ಕೆಲಸದ ಲಾಗ್ ಒಂದು ದಿನದ್ದೂ ಬರೆದಿರುವುದಿಲ್ಲ. ಉದ್ದುದ್ದ ಬೇಡ, ವಾರಕ್ಕೆ ನಾಲ್ಕು ಸಾಲು ಸಾಕು. ಹೀಗೆ:

"ನವೆಂಬರ್ 12. ಕಾಟಾ ಎರಡರ ಗಡಿಯಾರ ಸರ್ವರ್‌ಗಿಂತ ಏಳು ನಿಮಿಷ ಹಿಂದಿತ್ತು. ಟೈಮ್ ಸರ್ವರ್‌ಗೆ ಜೋಡಿಸಿದೆ. ಆ ಅವಧಿಯ ಚೀಟಿಗಳ ಪಟ್ಟಿ ತೆಗೆದು ಕೇನ್ ವಿಭಾಗಕ್ಕೆ ಕೊಟ್ಟೆ. 5 ತಾಸು. ಕ್ಷೇತ್ರ: ಕಾರ್ಯಾಚರಣೆ.

ನವೆಂಬರ್ 15. ಕೆಲಸ ಬಿಟ್ಟ ಮೂವರ ಲಾಗಿನ್ ಇನ್ನೂ ತೆರೆದಿದ್ದವು. ಮುಚ್ಚಿದೆ. ಇನ್ನು ಮುಂದೆ ಸಿಬ್ಬಂದಿ ವಿಭಾಗದಿಂದ ಅದೇ ದಿನ ಇಮೇಲ್ ಬರಬೇಕೆಂದು ಒಪ್ಪಿಸಿದೆ. 3 ತಾಸು. ಕ್ಷೇತ್ರ: ಪ್ರವೇಶ ನಿಯಂತ್ರಣ."

ಎರಡು ವರ್ಷದ ನಂತರ ಯಾರಾದರೂ "ಏನು ಮಾಡುತ್ತಿದ್ದಿರಿ?" ಎಂದರೆ "ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ" ಎಂದು ತಡವರಿಸುವ ಬದಲು ಇದನ್ನು ತೆರೆದು ಮಾತಾಡಬಹುದು. ಆದರೆ ಒಂದು ಕಟ್ಟೆಚ್ಚರ. ಡೈರಿಯಲ್ಲಿ ಪಾಸ್‌ವರ್ಡ್, ಐಪಿ ವಿಳಾಸ, ಗ್ರಾಹಕರ ಹೆಸರು, ಸ್ಕ್ರೀನ್‌ಶಾಟ್, ಇನ್ನೂ ಮುಚ್ಚದ ದೋಷದ ವಿವರ ಯಾವುದೂ ಬರಬಾರದು. ಆಫೀಸಿನ ಕಡತಗಳನ್ನು ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ. ಭದ್ರತೆಯ ಅನುಭವ ತೋರಿಸಲು ಹೋಗಿ ಸಂಸ್ಥೆಯ ಗುಟ್ಟು ಹೊರಹಾಕಿದವನಿಗೆ ಸರ್ಟಿಫಿಕೇಟಿರಲಿ, ಇದ್ದ ಕೆಲಸವೂ ಉಳಿಯುವುದಿಲ್ಲ. ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ. ಹೊಳೆ ದಂಡೆಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೆಸರಿನ ಗೋಜಲು ನಮ್ಮ ಸೀಮೆಗೇ ವಿಶೇಷವಾದದ್ದು. ಹತ್ತನೇ ಇಯತ್ತೆಯ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ. ಪಾನ್‌ನಲ್ಲಿ ತಂದೆಯ ಹೆಸರು ನಡುವೆ, ಬ್ಯಾಂಕಿನಲ್ಲಿ ಬರೀ ಇನಿಶಿಯಲ್. ಮದುವೆಯಾದ ತಂಗಿಯರದು ಇನ್ನೂ ಕಷ್ಟ. ತಂದೆಯ ಹೆಸರು, ಅಡ್ಡಹೆಸರು ಎರಡೂ ಬದಲಾಗುತ್ತವೆ, ಕೆಲವು ಮನೆಗಳಲ್ಲಿ ಕರೆಯುವ ಹೆಸರೇ ಬದಲಾಗುತ್ತದೆ. ಪರೀಕ್ಷಾ ಕೇಂದ್ರದಲ್ಲಿ ಗುರುತಿನ ಚೀಟಿಯ ಹೆಸರೂ ನೋಂದಣಿಯ ಹೆಸರೂ ತಾಳೆಯಾಗದಿದ್ದರೆ ಒಳಗೇ ಬಿಡುವುದಿಲ್ಲ. ಅನುಭವ ಪತ್ರದಲ್ಲಿ ಒಂದು ಹೆಸರು, ಅರ್ಜಿಯಲ್ಲಿ ಇನ್ನೊಂದು ಇದ್ದರೆ ಅಲ್ಲೂ ಪತ್ರ ವ್ಯವಹಾರ ಶುರು. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅದೇ ಹೆಸರನ್ನು ನೇಮಕಾತಿ ಆದೇಶದಿಂದ ಹಿಡಿದು ಎಲ್ಲ ಕಡೆ ಬರೆಸಿ. ಹೆಸರು ಬದಲಾಗಿದ್ದರೆ ಅದರ ದಾಖಲೆಯನ್ನು ಅದೇ ಕಡತದಲ್ಲಿ ಇಡಿ.

ತಂಗಿಯರಿಗೆ ಇನ್ನೊಂದು ಮಾತು. ಮದುವೆ, ಬಾಣಂತನ ಎಂದು ಎರಡು ಮೂರು ವರ್ಷ ಕೆಲಸ ಬಿಟ್ಟವರು "ನನ್ನ ಅನುಭವ ಹೋಯ್ತು" ಎನ್ನುವುದನ್ನು ಕೇಳಿದ್ದೇನೆ. ಹೋಗಿಲ್ಲ. ಬಿಡುವಿನ ಮುಂಚಿನ ಎರಡು ವರ್ಷ, ನಂತರದ ಎರಡು ವರ್ಷ ಸೇರಿಸಿದರೆ ನಾಲ್ಕೇ. ಕೆಲಸ ಬಿಡುವ ತಿಂಗಳಲ್ಲೇ ಪತ್ರ ತೆಗೆದುಕೊಳ್ಳಿ, ಹಿಂತಿರುಗಿ ಬಂದಾಗ ಅದನ್ನು ಕೊಡುವವರು ಅಲ್ಲಿ ಇರುತ್ತಾರೆಂಬ ಭರವಸೆ ಇಲ್ಲ.

ಈಗ ಕಹಿ ಮಾತು. ಬೆಂಗಳೂರಿನಲ್ಲಿ, ಹೈದರಾಬಾದಿನಲ್ಲಿ "ಮೂರು ವರ್ಷದ ಎಕ್ಸ್‌ಪೀರಿಯನ್ಸ್ ಹಾಕಿಸಿ ಕೊಡ್ತೀವಿ" ಎನ್ನುವ ಕನ್ಸಲ್ಟೆನ್ಸಿಗಳಿವೆ. ರೊಕ್ಕ ಕೊಟ್ಟರೆ ಲೆಟರ್‌ಹೆಡ್, ಪೇಸ್ಲಿಪ್, ಫೋನು ಎತ್ತಿ "ಹೌದು ನಮ್ಮಲ್ಲಿದ್ದರು" ಎನ್ನುವ ಎಚ್‌ಆರ್ ಎಲ್ಲ ಸಿದ್ಧ. ಯಾರೂ ಹಿಡಿಯುವುದಿಲ್ಲ ಎಂಬುದು ಸುಳ್ಳು. ಪಿಎಫ್‌ನ ಸೇವಾ ಇತಿಹಾಸ ಒಂದೇ ಸಾಕು, ನೀವು ಬೆಂಗಳೂರಿನಲ್ಲಿದ್ದೆ ಎಂದ ತಿಂಗಳು ಇನ್ನೊಂದು ಸಂಸ್ಥೆಯಿಂದ ವಂತಿಗೆ ಬಿದ್ದಿರುವುದು ಅಲ್ಲಿ ಕಾಣುತ್ತದೆ. ಹಿಡಿದರೆ ಸರ್ಟಿಫಿಕೇಟ್ ರದ್ದು, ಕೆಲಸವೂ ರದ್ದು. ಹಿಡಿಯದಿದ್ದರೂ ಪ್ರಶ್ನೆ ಉಳಿಯುತ್ತದೆ. ಈ ಕಸುಬಿನಲ್ಲಿ ನಿಮ್ಮ ಕೈಗೆ ಕೊಡುವುದು ಜನರ ಖಾತೆ, ರೈತರ ತೂಕ, ಆಸ್ಪತ್ರೆಯ ದಾಖಲೆ. ಐಎಸ್‌ಸಿ2ದ ನೀತಿ ಸಂಹಿತೆಯಲ್ಲಿ ಇರುವುದು ನಾಲ್ಕೇ ಸೂತ್ರ, ಅದರಲ್ಲೊಂದು ಪ್ರಾಮಾಣಿಕವಾಗಿ, ಕಾನೂನಿಗೆ ಬದ್ಧವಾಗಿ ನಡೆಯಬೇಕೆಂಬುದು. ಪ್ರವೇಶದ ಅರ್ಜಿಯಲ್ಲೇ ಅದನ್ನು ಮುರಿದವನ ಕೈಗೆ ನಾನಾದರೆ ಬೀಗದ ಕೈ ಕೊಡುವುದಿಲ್ಲ.

ಅನುಮೋದನೆ ಕೊಡಿ ಎಂದು ನನ್ನ ಹತ್ತಿರ ಬರುವವರಿಗೆ ನಾನು ಏನು ನೋಡುತ್ತೇನೆಂದು ಮೊದಲೇ ಹೇಳಿಬಿಡುತ್ತೇನೆ. ತಾರೀಖುಗಳನ್ನು ಪಗಾರದ ದಾಖಲೆಗೆ ತಾಳೆ ಹಾಕುತ್ತೇನೆ. ಪತ್ರ ಬರೆದವರಿಗೆ ಫೋನು ಮಾಡುತ್ತೇನೆ. ಬರೆದ ಕೆಲಸಗಳಲ್ಲಿ ಒಂದನ್ನು ಹಿಡಿದು ಅದರಲ್ಲಿ ಏನು ಕೆಟ್ಟಿತು, ಹೇಗೆ ಸರಿಮಾಡಿದಿರಿ ಎಂದು ಕೇಳುತ್ತೇನೆ. ನಿಜವಾಗಿ ಮಾಡಿದವರು ಈ ಪ್ರಶ್ನೆಗೆ ಅರ್ಧ ತಾಸು ಮಾತಾಡುತ್ತಾರೆ, ಸುಮ್ಮನಿರಿಸುವುದೇ ಕಷ್ಟ. "ನಮ್ಮ ಊರಾಂವ ಅಲ್ಲೇನ ಅಣ್ಣಾ, ಒಂದ ಸಹಿ" ಎಂಬ ಮಾತಿಗೆ ಮಾತ್ರ ಸಹಿ ಹಾಕುವುದಿಲ್ಲ. ಊರಿನ ಅಭಿಮಾನ ಇರುವುದರಿಂದಲೇ ಹಾಕುವುದಿಲ್ಲ. ಒಬ್ಬನದು ಸುಳ್ಳೆಂದು ಗೊತ್ತಾದರೆ ಅದೇ ಊರಿನ ಮುಂದಿನ ಹತ್ತು ಜನರ ನಿಜವನ್ನೂ ಅನುಮಾನದಿಂದ ನೋಡುತ್ತಾರೆ.

ಈ ಪತ್ರ ಬಹಿರಂಗವಾದ್ದರಿಂದ ಇನ್ನು ಕೆಲವರಿಗೂ ಕೈಮುಗಿದು ಕೇಳುತ್ತೇನೆ. ಸೊಸೈಟಿಗಳ ಅಧ್ಯಕ್ಷರೇ, ಕಾರ್ಖಾನೆಗಳ ಆಡಳಿತದವರೇ, ಕಂಪ್ಯೂಟರ್ ಅಂಗಡಿಗಳ ಮಾಲೀಕರೇ: ಪತ್ರ ಕೊಟ್ಟರೆ ಹುಡುಗ ಬಿಟ್ಟುಹೋಗುತ್ತಾನೆಂಬ ಭಯ ನಿಮಗಿದೆ. ಪತ್ರ ಕೊಡದಿದ್ದರೂ ಹೋಗುವವನು ಹೋಗುತ್ತಾನೆ, ಬೇಸರ ಹೊತ್ತು ಹೋಗುತ್ತಾನೆ. ಕೆಲಸವನ್ನು ಗುರುತಿಸಿ ಬರೆದುಕೊಡುವ ಕಡೆಗೆ ಒಳ್ಳೆಯ ಹುಡುಗರು ತಾವಾಗಿ ಬರುತ್ತಾರೆ. ನಿಡಸೋಶಿಯ ಹಿರಾಶುಗರ್ ಇಂಜಿನಿಯರಿಂಗ್ ಕಾಲೇಜಿನಿಂದ ಹಿಡಿದು ನಮ್ಮ ಬಿಸಿಎ, ಡಿಪ್ಲೊಮಾ ಕಾಲೇಜುಗಳವರೆಗಿನ ಗುರುಗಳೇ: ವಿದ್ಯಾರ್ಥಿಗಳ ಇಂಟರ್ನ್‌ಶಿಪ್‌ಗೆ ಹಾಜರಿ ಪತ್ರವಷ್ಟೇ ಸಾಲದು. ತಾರೀಖು, ತಾಸು, ಮಾಡಿದ ಕೆಲಸ ಮೂರೂ ಇರುವ ಪತ್ರ ಕೊಡಿಸಿ. ರಾಜ್ಯ ಸರ್ಕಾರದ 2024ರ ಸೈಬರ್ ಭದ್ರತಾ ನೀತಿಯಲ್ಲಿ ಇಂಟರ್ನ್‌ಗಳಿಗೆ ಸ್ಟೈಪೆಂಡ್ ಕೊಡುವ ಮಾತಿದೆ, ಅದರ ಲಾಭ ಬೆಂಗಳೂರಿನ ಕಾಲೇಜುಗಳಿಗಷ್ಟೇ ಸೀಮಿತವಾಗದಂತೆ ನೋಡಿಕೊಳ್ಳಿ. ಆಗಲೇ ಸರ್ಟಿಫಿಕೇಟ್ ಪಡೆದು ಪುಣೆ, ಬೆಂಗಳೂರು, ದುಬೈಗಳಲ್ಲಿರುವ ನಮ್ಮ ಸೀಮೆಯವರೇ: ಅನುಮೋದನೆ ಕೊಡುವ ಅಧಿಕಾರ ನಿಮಗಿದೆ. ವರ್ಷಕ್ಕೆ ಇಬ್ಬರ ಕಡತ ಓದಿ, ಕೊರತೆ ಇದ್ದರೆ ಪರೀಕ್ಷೆಗೆ ಮೊದಲೇ ಹೇಳಿ.

ನಿಮಗೆ ಈ ವಾರದ ಕೆಲಸ ಇಷ್ಟು. ಒಂದು ಫೈಲು ಮಾಡಿ. ಯುಎಎನ್ ತೆರೆದು ತಾರೀಖು ನೋಡಿ. ಇದುವರೆಗೆ ಕೆಲಸ ಮಾಡಿದ ಪ್ರತಿ ಜಾಗದ ಮುಂದೆ ತಿಂಗಳು, ತಾಸು, ಕ್ಷೇತ್ರ, ಬಲ್ಲವರ ಹೆಸರು ಬರೆಯಿರಿ. ಎಲ್ಲಿ ಕಾಗದ ಇಲ್ಲವೋ ಅಲ್ಲಿನ ಸಾಹೇಬರಿಗೆ ಇವತ್ತೇ ಫೋನು ಮಾಡಿ, ಅವರಿಗೆ ನಿಮ್ಮ ಕೆಲಸ ಇನ್ನೂ ನೆನಪಿರುವಾಗಲೇ ಕರಡು ಕಳಿಸಿ. ಇಷ್ಟಾದ ಮೇಲೆ ಯಾವ ಪುಸ್ತಕ ಓದಬೇಕೆಂದು ಕೇಳಿ, ಹೇಳುತ್ತೇನೆ.

ಇಂತಿ,
ನಿಮ್ಮ ಸೀಮೆಯವನೇ ಆದ, ಈ ಕಸುಬಿಗೆ ನಿಮಗಿಂತ ತುಸು ಮೊದಲು ಬಂದ
ನಿಮ್ಮ ಅಣ್ಣ